ಎಡಗಡೆ ಯಾರೂ ಇಲ್ಲ

ಮಾರ್ಚ್ 4

ಕಣ್ಣಿನ ಡಾಕ್ಟರ್ ಈ ಪುಸ್ತಕ ಕೊಟ್ಟದ್ದು ಹನಿ ಹಾಕಿಕೊಂಡ ಹೊತ್ತು ಬರೆದಿಡಲಿಕ್ಕೆ. ಪ್ರತಿ ಪುಟದಲ್ಲೂ ‘ಬೆಳಿಗ್ಗೆ’, ‘ಸಂಜೆ’ ಎಂದು ಎರಡು ಗೆರೆ, ಕೆಳಗೆ ‘ಇತರೆ ವಿಷಯ’ ಎಂದು ಒಂದಷ್ಟು ಖಾಲಿ ಜಾಗ. ನನಗೆ ಇತರೆ ವಿಷಯವೇ ಬೇಕಾದಷ್ಟಿದೆ.

ನನ್ನ ಕಣ್ಣಿಗೆ ಏನೂ ಆಗಿಲ್ಲ. ಇಪ್ಪತ್ತಾರು ವರ್ಷದಿಂದ ಜನಕ್ಕೆ ಕಾರು ಓಡಿಸಲು ಕಲಿಸುತ್ತಿದ್ದೇನೆ. ನನ್ನ ಹತ್ತಿರ ಕಲಿತವರನ್ನು ಸಾಲಾಗಿ ನಿಲ್ಲಿಸಿದರೆ ಈ ಊರಿನ ದೊಡ್ಡ ರಸ್ತೆ ಸಾಲದು. ಇವತ್ತಿಗೂ ದೂರದ ಬೋರ್ಡನ್ನು ಸ್ಟೀರಿಂಗ್ ಹಿಡಿದವರಿಗಿಂತ ಮೊದಲು ನಾನೇ ಓದುತ್ತೇನೆ. ಹೋದ ವಾರ ಅಂಚೆಯವನು ಸೈಕಲ್ ಸಮೇತ ಚರಂಡಿಗೆ ಬಿದ್ದನಲ್ಲ, ಅದು ಅವನದೇ ತಪ್ಪು. ಬೆಲ್ ಇಲ್ಲ, ಬುದ್ಧಿ ಇಲ್ಲ, ಎಡಗಡೆಯಿಂದ ಭೂಮಿ ಬಿರಿದು ಎದ್ದವನ ಹಾಗೆ ಬಂದ. ಕಲಿಯುತ್ತಿದ್ದವನಿಗೆ ಗಾಬರಿಯಾಯಿತು. ನನ್ನ ಕಾಲಡಿಯ ಬ್ರೇಕನ್ನು ನಾನು ಒತ್ತುವಷ್ಟರಲ್ಲಿ ಕಾಗದಗಳೆಲ್ಲ ನೀರಲ್ಲಿ ತೇಲುತ್ತಿದ್ದವು.

ನನ್ನ ತಮ್ಮನಿಗೆ ಅಷ್ಟು ಸಾಕಾಯಿತು. ಅಪ್ಪ ಶುರು ಮಾಡಿದ ಡ್ರೈವಿಂಗ್ ಸ್ಕೂಲಿನ ಆಫೀಸು ನೋಡಿಕೊಳ್ಳುವವನು ಅವನು. “ಜುಲೈನಲ್ಲಿ ನಿನ್ನ ಕಲಿಸೋ ಪರವಾನಗಿ ಹೊಸದು ಮಾಡಿಸ್ಬೇಕು ಅಕ್ಕ. ಹೇಗಿದ್ರೂ ಕಣ್ಣಿನ ಸರ್ಟಿಫಿಕೇಟ್ ಬೇಕು. ಈಗಲೇ ತೋರಿಸ್ಕೊಂಡು ಬಾ,” ಎಂದ.

ಹೋದೆ. ಡಾಕ್ಟರ್ ಚಿಕ್ಕ ಹುಡುಗಿ. ನನ್ನ ಹತ್ತಿರ ಬಂದಿದ್ದರೆ ಕ್ಲಚ್ ಯಾವುದು ಎಂದು ತೋರಿಸಿಕೊಡಬೇಕಾದ ವಯಸ್ಸು.

“ಇದು ಗ್ಲಾಕೋಮಾ ಅಮ್ಮ. ಎಡಗಣ್ಣಿನ ಒತ್ತಡ ಮೂವತ್ತೊಂದಿದೆ. ಇಪ್ಪತ್ತೊಂದರ ಒಳಗಿರ್ಬೇಕು. ಒಳಗಿನ ನರ ಸವೆದಿದೆ, ಅಂಚಿನ ನೋಟ ಹೋಗಿದೆ. ಬಲಗಣ್ಣಲ್ಲೂ ಸ್ವಲ್ಪ ಶುರುವಾಗಿದೆ. ಹೋದ ನೋಟ ವಾಪಸ್ ಬರಲ್ಲ.”

“ಹೋಗಿದ್ರೆ ತಾನೆ ವಾಪಸ್ ಬರೋದು?” ಎಂದೆ.

ಹನಿ: ಬೆಳಿಗ್ಗೆ ಹಾಕಿದೆ. ಸಂಜೆ ಇನ್ನೂ ಇಲ್ಲ.

ಮಾರ್ಚ್ 9

ಹೊಸದಾಗಿ ಸೇರಿದವರಲ್ಲಿ ಒಬ್ಬಳಿಗೆ ಮನಸ್ಸಿನಲ್ಲೇ ಬ್ರೇಕಮ್ಮ ಎಂದು ಹೆಸರಿಟ್ಟಿದ್ದೇನೆ. ಐವತ್ತರ ಆಸುಪಾಸು, ಬಟ್ಟೆ ಹೊಲಿಯುವ ಕೆಲಸ. ಎಲೆ ಉದುರಿದರೆ ಬ್ರೇಕ್, ಕಾಗದದ ಚೂರು ಹಾರಿದರೆ ಬ್ರೇಕ್. ಇವತ್ತು ತನ್ನದೇ ವೈಪರ್ ಅಲ್ಲಾಡಿದ್ದಕ್ಕೆ ಬ್ರೇಕ್ ಹಾಕಿದಳು. ನನ್ನ ಕತ್ತು ಉಳುಕಿದೆ.

“ನನ್ನ ಗಂಡ ‘ನಿನ್ನ ಕೈಲಾಗಲ್ಲ’ ಅಂದ್ರು ಮೇಡಂ,” ಎಂದಳು.

“ಮತ್ತೆ ಯಾಕೆ ಬಂದ್ರಿ?”

“ಅದಕ್ಕೇ ಬಂದೆ.”

ಆ ಮಾತು ನನಗೆ ಹಿಡಿಸಿತು. ಅವಳ ಹೆದರಿಕೆ ಬಿಡಿಸಲು ಒಂದು ಹೊಸ ಪಾಠ ಶುರು ಮಾಡಿದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಲ್ಲಿ ಹೇಳುತ್ತಾ ಓಡಿಸಬೇಕು. “ಎಡಗಡೆ ತರಕಾರಿ ಬಂಡಿ. ಎಡಗಡೆ ಇಬ್ಬರು ಹೆಂಗಸರು, ಒಬ್ಬರ ಕೈಯಲ್ಲಿ ಛತ್ರಿ. ಬಲಗಡೆ ಬಸ್ಸು, ಹೊರಡೋ ಹಾಗಿದೆ.” ಅವಳು ಒಪ್ಪಿಸುತ್ತಾ ಹೋದಂತೆ ಬ್ರೇಕು ನಿಜಕ್ಕೂ ಕಡಿಮೆಯಾಯಿತು. ನಾಳೆಯಿಂದ ಎಲ್ಲರಿಗೂ ಇದೇ ಪಾಠ. ಎಡಗಡೆಯದನ್ನು ಮೊದಲು ಹೇಳಬೇಕೆಂದು ಕಡ್ಡಾಯ ಮಾಡಿದ್ದೇನೆ. ಫುಟ್‌ಪಾತ್ ಇರುವುದು ಆ ಕಡೆಯಲ್ಲವೇ, ಅದಕ್ಕೆ.

ಮಾರ್ಚ್ 17

ನೋಟದ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಅಲ್ಲಲ್ಲಿ ಸಾಸಿವೆಯಷ್ಟು ಬೆಳಕು ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು.

ಬಲಗಣ್ಣಿನಲ್ಲಿ ಬೆಳಕು ಬರುವ ಲಯ ಗೊತ್ತಾಯಿತು. ಸುಮಾರು ಎರಡೆಣಿಸುವಷ್ಟರಲ್ಲಿ ಒಂದು. ಎಡಗಣ್ಣಿನ ಸರದಿ ಬಂದಾಗ ಆ ಲಯಕ್ಕೇ ಒತ್ತುತ್ತಾ ಹೋದೆ. ಮಧ್ಯೆ ಮಧ್ಯೆ ಬೇಕೆಂದೇ ಒಂದೆರಡು ಬಿಟ್ಟೆ, ಅನುಮಾನ ಬರದಿರಲೆಂದು.

ಪರೀಕ್ಷೆ ಮಾಡುವಾಕೆ ಹೊರಬಂದ ಹಾಳೆ ನೋಡಿ, “ಬೆಳಕು ಬಿಡದೇ ಇದ್ದಾಗಲೂ ನಿಮಗೆ ಕಾಣಿಸಿದೆಯಲ್ಲ ಅಮ್ಮ,” ಎಂದಳು.

“ನನ್ನ ಕಣ್ಣು ಚುರುಕು.”

“ಯಂತ್ರ ಸುಳ್ಳು ಹಿಡಿಯತ್ತೆ. ನೋಡಿ, ಇಲ್ಲೇ ಬರೆದಿದೆ, ನಂಬೋಕಾಗಲ್ಲ ಅಂತ.” ನಗಲಿಲ್ಲ, ಬೈಯಲೂ ಇಲ್ಲ. “ನೀರು ಕುಡಿದು ಬನ್ನಿ. ಇನ್ನೊಂದ್ಸಲ ಮಾಡೋಣ.”

ಎರಡನೇ ಸಲ ಸರಿಯಾಗಿ ಮಾಡಿದೆ. ಎಷ್ಟೋ ಹೊತ್ತು ಏನೂ ಮಿನುಗಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ. ಓಡ್ತಾ ಇದೆ ಅಮ್ಮ, ಎಂದಳು.

ಮಾರ್ಚ್ 18

ಹಾಳೆಯಲ್ಲಿ ಎಡಗಣ್ಣಿನ ಚಿತ್ರದ ತುಂಬ ಕಪ್ಪು. ನಡುವೆ ಒಂದು ಕಿಟಕಿ ಉಳಿದಿದೆ. ಮಡಚಿ ಅಕ್ಕಿ ಡಬ್ಬಿಯ ಕೆಳಗಿಟ್ಟಿದ್ದೇನೆ. ನಮ್ಮನೆಯವರಿಗೆ ತೋರಿಸಿಲ್ಲ.

ಏಪ್ರಿಲ್ 2

ಹನಿ ಹಾಕಿ ಹಾಕಿ ರೆಪ್ಪೆ ಊದಿ ಬನ್ನಿನ ಹಾಗಾಗಿದೆ. ಡಾಕ್ಟರ್ ಹನಿ ಬದಲಿಸಿದರು. ಎರಡನೆಯದಕ್ಕೆ ಎದೆ ಬಿಗಿದು ಮೆಟ್ಟಿಲು ಹತ್ತಲಾಗಲಿಲ್ಲ. ಮೂರನೆಯದಕ್ಕೆ ಮತ್ತೆ ರೆಪ್ಪೆ. ಇಷ್ಟಾಗಿಯೂ ಒತ್ತಡ ಇಪ್ಪತ್ತೊಂಬತ್ತು.

ಅದಿರಲಿ. ಇವತ್ತು ನನಗೆ ಸಿಟ್ಟು ಬಂದಿರುವುದು ಇವರ ಮೇಲೆ. ಅಡುಗೆಮನೆಯ ಮೇಜಿನ ಎಡ ಮೂಲೆ ದುಂಡಗಾಗಿದೆ! ನಾನು ಕೆಲಸಕ್ಕೆ ಹೋಗಿದ್ದಾಗ ಉಜ್ಜಿ, ಮರಳು ಕಾಗದ ಹಚ್ಚಿ, ಮೇಣ ಬಳಿದು ಕೂರಿಸಿದ್ದಾರೆ. ನನ್ನ ಗಂಡ ಬಡಗಿ. ಜೀವಮಾನವಿಡೀ ಮೂಲೆ ಎಂದರೆ ಮೂಲೆಯ ಹಾಗೇ ಇರಬೇಕು ಎಂದು ಹಟ ಹಿಡಿದ ಮನುಷ್ಯ.

“ಯಾಕೆ ಹೀಗೆ ಮಾಡಿದ್ರಿ?”

“ನಿನ್ನ ಸೊಂಟದ ಮೇಲೆ ನೀಲಿ ಕಲೆ ಇತ್ತು.”

“ನಾನು ಅವಸರದಲ್ಲಿ ತಾಗಿಸ್ಕೊಂಡೆ.”

“ಅದೇ ಜಾಗದಲ್ಲಿ ನಾಲ್ಕು ಸಲ?”

ಕಾರಿನ ಕೀ ತೆಗೆದುಕೊಂಡು ಹೊರಟುಬಿಟ್ಟೆ. ಮೇಜು ಈಗ ಬೋಡಾಗಿ, ಹಲ್ಲು ಕಿತ್ತ ಬಾಯಿಯಂತೆ ಕಾಣುತ್ತಿದೆ. ನನ್ನ ಮನೆಯಲ್ಲಿ ನನ್ನ ಮೇಜು ಹೇಗಿರಬೇಕೆಂದು ಹೇಳಲಿಕ್ಕೆ ಇವರು ಯಾರು?

ಏಪ್ರಿಲ್ 11

ಇದನ್ನು ಬರೆಯಲೇಬೇಕು.

ಬೆಳಿಗ್ಗೆ ಬ್ರೇಕಮ್ಮನ ಪಾಠ. ಈಚೆಗೆ ಅವಳು ಎಷ್ಟು ಸುಧಾರಿಸಿದ್ದಾಳೆಂದರೆ ಸಂತೆಬೀದಿಯಲ್ಲೂ ಮೂರನೇ ಗೇರಿನಲ್ಲಿ ಹೋಗುತ್ತಾಳೆ. ಔಷಧಿ ಅಂಗಡಿಯ ಹತ್ತಿರ ಎಡಕ್ಕೆ ತಿರುಗಿಸುವಾಗ ಇದ್ದಕ್ಕಿದ್ದ ಹಾಗೆ ಗಕ್ಕನೆ ನಿಲ್ಲಿಸಿದಳು. ನನ್ನ ಹಣೆ ಮುಂದಕ್ಕೆ ಹೋಗಿ ಬಂತು. ನನಗೆ ಎಲ್ಲಿತ್ತೋ ಸಿಟ್ಟು.

“ಏನ್ರೀ ನೀವು! ಮತ್ತೆ ಹಳೇ ಚಾಳಿ ಶುರುವಾಯ್ತಾ? ಖಾಲಿ ರಸ್ತೆಯಲ್ಲಿ ಯಾರಾದ್ರೂ ನಿಲ್ಲಿಸ್ತಾರಾ? ಎಡಗಡೆ ಯಾರೂ ಇಲ್ಲ, ನಡೀರಿ!”

ಅವಳು ಕದಲಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲೆ. “ಎತ್ತಿ ಬಿಡಿ ಕಾಲು!” ಎಂದು ಕೂಗಿದೆ.

ಆಗ ಬಾನೆಟ್ಟಿನ ಎಡ ಅಂಚಿನಿಂದ ಒಂದು ಊರುಗೋಲು ಹೊರಗೆ ಬಂತು. ಅದರ ಹಿಂದೆ ಒಬ್ಬ ಮುದುಕರು. ಕಾರಿಗೂ ಅವರಿಗೂ ನಡುವೆ ಒಂದು ಗೇಣು. ನಮ್ಮ ಕಡೆ ತಿರುಗಿ ಥ್ಯಾಂಕ್ಸ್ ಎನ್ನುವಂತೆ ಕೈಯೆತ್ತಿ, ಒಂದೊಂದೇ ಹೆಜ್ಜೆ ಇಡುತ್ತಾ ಪೂರ್ತಿ ರಸ್ತೆ ದಾಟಿದರು.

“ಅಜ್ಜ ಇದ್ರಲ್ಲ ಮೇಡಂ,” ಎಂದಳು ಅವಳು ಮೆಲ್ಲಗೆ. “ಬಾಯಿಬಿಟ್ಟು ಹೇಳೋಕೆ ಸಮಯ ಇರ್ಲಿಲ್ಲ.”

ನನ್ನ ಮಾತು ಕೇಳಿ ಅವಳು ಕಾಲೆತ್ತಿದ್ದರೆ?

ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದೆ. ಎಂಜಿನ್ ಆಫ್ ಮಾಡಲು ಹೇಳಿದೆ. ಎಲ್ಲ ಹೇಳಿದೆ. ಕಣ್ಣಿನ ವಿಷಯ, ಹಾಳೆಯ ವಿಷಯ, ಅವಳಿಂದ ರಸ್ತೆ ಒಪ್ಪಿಸಿಕೊಳ್ಳುತ್ತಿದ್ದುದು ಅವಳಿಗಾಗಿ ಅಲ್ಲ, ನನಗಾಗಿ ಎಂಬುದನ್ನೂ. ಅದು ನನಗೇ ಗೊತ್ತಾದದ್ದು ಹೇಳುವಾಗ.

ಅವಳು ಸೀಟ್ ಬೆಲ್ಟ್ ಬಿಚ್ಚಿದಳು. ಆಮೇಲೆ, “ನೀವು ನನ್ನ ಪ್ರಾಣದ ಜೊತೆ ಆಟ ಆಡಿದ್ರಿ,” ಎಂದಳು. ಹೌದು ಎಂದೆ. “ಅಜ್ಜನ ಪ್ರಾಣದ ಜೊತೆ,” ಎಂದಳು. ಅದಕ್ಕೂ ಹೌದು ಎಂದೆ. ಕೀ ತೆಗೆದು ನನ್ನ ಕೈಗಿಟ್ಟು ಇಳಿದು ನಡೆದು ಹೋದಳು.

ನಾನು ಕಾರು ಅಲ್ಲೇ ಬಿಟ್ಟು ತಮ್ಮನಿಗೆ ಫೋನ್ ಮಾಡಿದೆ, ಬಂದು ತಗೊಂಡು ಹೋಗು ಎಂದು.

ಏಪ್ರಿಲ್ 12

ಕೆಲಸಕ್ಕೆ ಹೋಗಲಿಲ್ಲ.

ಏಪ್ರಿಲ್ 13

ಇವತ್ತೂ ಇಲ್ಲ. ಹನಿ ಎರಡೂ ಹೊತ್ತು.

ಏಪ್ರಿಲ್ 15

ಇವರನ್ನೂ ಕರೆದುಕೊಂಡು ಡಾಕ್ಟರ ಬಳಿ ಹೋದೆ. ಹಾಳೆಯನ್ನು ಇವರ ಕೈಗೇ ಕೊಟ್ಟೆ. ಇವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

ಡಾಕ್ಟರ್ ಹೇಳಿದ್ದು ಇಷ್ಟು. ಕಣ್ಣೊಳಗೆ ಸದಾ ಒಂದು ನೀರು ಊರುತ್ತಿರುತ್ತದೆ, ಇನ್ನೊಂದು ಕಡೆಯಿಂದ ಇಳಿದು ಹೋಗುತ್ತಿರುತ್ತದೆ. ನನ್ನದರಲ್ಲಿ ಇಳಿಯುವ ದಾರಿ ಕಟ್ಟಿದೆ. ಕತ್ತರಿಸಿ ಹೊಸ ದಾರಿ ಮಾಡುವುದು ಒಂದು ಕ್ರಮ. ಕತ್ತರಿಸದೆ ಮಾಡುವುದು ಇನ್ನೊಂದಿದೆ. ಕಣ್ಣಿನ ಮೇಲೊಂದು ಉಂಗುರ ಕೂರಿಸಿ, ಅಲ್ಟ್ರಾಸೌಂಡ್ ಎಂಬ ಸದ್ದಿನ ಅಲೆಗಳನ್ನು ನೀರು ಊರುವ ಜಾಗಕ್ಕೇ ಗುರಿಯಿಟ್ಟು ಬಿಡುತ್ತಾರೆ. ಆ ಜಾಗ ಅಲ್ಲಲ್ಲಿ ಬಿಸಿಯಾಗಿ ಒಣಗುತ್ತದೆ. ಊರುವುದು ಕಡಿಮೆಯಾಗುತ್ತದೆ.

“ನಲ್ಲಿ ತಿರುಪಿ ಸ್ವಲ್ಪ ಬಿಗಿ ಮಾಡಿದ ಹಾಗೆ,” ಎಂದರು ಇವರು.

“ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ಹಾಗೆ,” ಎಂದೆ ನಾನು.

ಡಾಕ್ಟರ್ ಇಬ್ಬರಿಗೂ ಹೌದೆಂದರು. “ಆದ್ರೆ ಒಂದು ಮಾತು. ಎಲ್ಲರಿಗೂ ಸಾಕಾಗಲ್ಲ. ಕೆಲವರಿಗೆ ಎರಡನೇ ಸಲ ಮಾಡ್ಬೇಕಾಗತ್ತೆ, ಕೆಲವರಿಗೆ ಆಮೇಲೆ ಕತ್ತರಿಸ್ಲೇಬೇಕು. ಕೆಲವು ದಿನ ಮಂಜು ಇರತ್ತೆ. ಇನ್ನೊಂದು, ಹೋದ ನೋಟ...”

“ವಾಪಸ್ ಬರಲ್ಲ. ಗೊತ್ತು. ಇದ್ದದ್ದನ್ನ ಉಳಿಸಿ.”

ತಮ್ಮ ಸಂಜೆ ಮನೆಗೆ ಬಂದು ಕೂತ. “ಹೊಸದು ಅಕ್ಕ ಅದು. ನಿನ್ನ ಮೇಲೆ ಪ್ರಯೋಗ ಮಾಡ್ತಾರೆ. ಇನ್ನೊಂದು ವರ್ಷ ಕಾದು ನೋಡು.”

“ಇನ್ನೊಂದು ವರ್ಷ ಕಾದ್ರೆ ನೋಡೋಕೆ ಏನಿರತ್ತೆ?”

“ಕೋಪ ಮಾಡ್ಕೋಬೇಡ. ನಿನ್ನ ಒಳ್ಳೇದಕ್ಕೇ...”

“ಕಣ್ಣು ನಂದು ಕಣೋ. ಅಪ್ಪನ ಆಸ್ತಿಯಲ್ಲ, ಇಬ್ಬರೂ ಕೂತು ತೀರ್ಮಾನ ಮಾಡೋಕೆ.”

ಇವರು ಒಳಗೆ ಹೋಗಿ ತಮ್ಮನಿಗೆ ಕಾಫಿ ತಂದರು. ನಗು ತಡೆದುಕೊಂಡಿದ್ದರು.

ಏಪ್ರಿಲ್ 28

ಆಯಿತು. ಬಲಗಣ್ಣೊಂದರಿಂದ ಬರೆಯುತ್ತಿದ್ದೇನೆ, ಅಕ್ಷರ ಗೆರೆ ಬಿಟ್ಟು ಓಡುತ್ತಿದೆ, ಓಡಲಿ.

ನಮ್ಮಂಥವರು ಆರು ಜನ ಒಂದೇ ಬೆಂಚಿನ ಮೇಲೆ, ಎಲ್ಲರ ಹಣೆಯ ಮೇಲೂ ಯಾವ ಕಣ್ಣು ಎಂದು ಬಾಣದ ಗುರುತು. ನಿಜ ಹೇಳುತ್ತೇನೆ, ನನ್ನ ಕಾಲು ನಡುಗುತ್ತಿತ್ತು. ಎಷ್ಟು ಜನಕ್ಕೆ ಮೊದಲ ದಿನ ‘ಕಾಲು ಯಾಕ್ರೀ ನಡುಗಿಸ್ತೀರಾ’ ಎಂದು ಗದರಿದ್ದೇನೋ.

ಕಣ್ಣಿನ ಪಕ್ಕದ ಇಂಜೆಕ್ಷನ್ ಮಾತ್ರ ನೋವು. ಆಮೇಲೆ ಕಣ್ಣು ನನ್ನದಲ್ಲ. ಲೋಟದ ಬಾಯಿಯಂಥ ಒಂದು ಉಂಗುರ ಬಂದು ಅಂಟಿತು, ಅದರೊಳಗೆ ತಣ್ಣನೆಯ ನೀರು ತುಂಬಿದರು. “ಅಲ್ಲಾಡ್ಬೇಡಿ ಅಮ್ಮ. ಶುರು ಮಾಡ್ತೀನಿ.” ಒಂದಷ್ಟು ಸೆಕೆಂಡು ಒಳಗೆಲ್ಲೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ, ಬೆಚ್ಚಗೆ. ಬಿಡುವು. ಮತ್ತೆ ಒತ್ತು. ಉಂಗುರದ ಸುತ್ತ ಒಂದೊಂದೇ ಜಾಗ.

“ಸದ್ದಿನ ಚಿಕಿತ್ಸೆ ಅಂದ್ರಿ, ಸದ್ದೇ ಕೇಳಿಸ್ತಿಲ್ಲ?” ಎಂದೆ.

“ಇದು ಕಿವಿಗೆ ಕೇಳೋ ಸದ್ದಲ್ಲ ಅಮ್ಮ. ಮಾತಾಡ್ಬೇಡಿ.”

“ನಮ್ಮನೆಯವರ ಸಿಟ್ಟಿನ ಹಾಗೆ ಅನ್ನಿ.”

ಡಾಕ್ಟರ್ ನಗಲಿಕ್ಕೆ ಒಂದು ಬಿಡುವು ಹೆಚ್ಚು ತೆಗೆದುಕೊಂಡರು. ಎಲ್ಲ ಸೇರಿ ಮೂರ್ನಾಲ್ಕು ನಿಮಿಷ. ಹಾಲು ಕಾಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಬರುವಾಗ ಇವರ ತೋಳು ಹಿಡಿದೇ ಬಂದೆ. ಎಡಗಡೆ ಮೆಟ್ಟಿಲಿದೆಯಾ ಎಂದು ಕೇಳಿದೆ. ಮೂರು ಇವೆ ಎಂದರು.

ಏಪ್ರಿಲ್ 30

ಮಂಜು. ಕೆಂಪು. ಅಷ್ಟೇ.

ಮೇ 6

ಒತ್ತಡ ಇಪ್ಪತ್ತೈದು. ಇಪ್ಪತ್ತೈದು!

ತಮ್ಮ “ನಾನು ಹೇಳಿದ್ದೆ” ಎಂದು ಬಾಯಿ ತೆರೆಯುವ ಮೊದಲೇ ಫೋನ್ ಇಟ್ಟುಬಿಟ್ಟೆ. ಡಾಕ್ಟರ್ ಹೇಳುತ್ತಾರೆ, ವಾರದಲ್ಲಿ ಗೊತ್ತಾಗುವುದಿಲ್ಲ, ಎರಡು ತಿಂಗಳು ಬೇಕಾಗಬಹುದು ಎಂದು. ಇಳಿಯದಿದ್ದರೆ ಮತ್ತೊಮ್ಮೆ ಮಲಗುತ್ತೇನೆ. ಅದಕ್ಕೂ ಇಳಿಯದಿದ್ದರೆ ಕತ್ತರಿಸಲಿ. ನಾನಾಗಿ ಬಿಟ್ಟುಕೊಡುವುದಿಲ್ಲ. ಉಳಿದ ಕಿಟಕಿಯನ್ನು ಕಿತ್ತುಕೊಳ್ಳಬೇಕಾದರೆ ಈ ರೋಗ ನನ್ನ ಜೊತೆ ಜಗಳವಾಡಿಯೇ ಕಿತ್ತುಕೊಳ್ಳಬೇಕು.

ಸಿಟ್ಟಿಗೆ ಅಡುಗೆಮನೆ ಪೂರ್ತಿ ಒರೆಸಿದೆ. ಮೇಜಿನ ಬಲ ಮೂಲೆ ಇನ್ನೂ ಚೂಪಾಗಿಯೇ ಇದೆ. ಅದನ್ನೂ ಉಜ್ಜಿಬಿಡಿ ಎಂದು ಇವರಿಗೆ ಹೇಳಿದ್ದೇನೆ. ಎರಡೂ ಒಂದೇ ತರಹ ಇದ್ದರೆ ಚೆಂದ.

ಮೇ 20

ಅಂಚೆಯವರನ್ನು ಹುಡುಕಿಕೊಂಡು ಹೋದೆ. ವಿಂಗಡಣೆಯ ಕೋಣೆಯ ಹಿಂದಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಮೊಣಕೈಯ ಗಾಯ ಒಣಗಿ ಬಿಳಿ ಕಲೆಯಾಗಿದೆ.

“ಅವತ್ತು ತಪ್ಪು ನಂದು,” ಎಂದೆ. “ನನಗೆ ಎಡಗಡೆ ಕಾಣಲ್ಲ. ಗೊತ್ತಾದ್ಮೇಲೂ ಒಪ್ಪಿಕೊಳ್ಳಲಿಲ್ಲ.”

ಅವರು ತುತ್ತು ನುಂಗಿ, “ಮೂರು ತಿಂಗಳಾದ್ಮೇಲೆ ಬಂದಿದೀರಲ್ಲ?” ಎಂದರು.

“ನಿಧಾನವಾಗಿ ಕಾಣಿಸ್ತು.”

“ನಾನು ಬೆಲ್ ಹೊಡೆದೆ ಅಮ್ಮ. ಎರಡು ಸಲ. ನೀವು ನಮ್ಮ ಆಫೀಸಲ್ಲಿ ಬೆಲ್ಲೇ ಇಲ್ಲ ಅಂತ ಹೇಳಿದ್ರಂತೆ. ಬಿದ್ದದ್ದಕ್ಕಿಂತ ಅದು ಹೆಚ್ಚು ನೋವಾಯ್ತು.”

ನಾಳೆ ಅವರ ಆಫೀಸಿಗೆ ಕಾಗದ ಬರೆದುಕೊಡುತ್ತೇನೆ, ಬೆಲ್ ಇತ್ತು ಎಂದು.

ಅಲ್ಲಿಂದ ಬ್ರೇಕಮ್ಮನವರ ಹೊಲಿಗೆ ಅಂಗಡಿಗೆ ಹೋದೆ. ಅವರು ಯಂತ್ರ ನಿಲ್ಲಿಸದೆ ನನ್ನ ಮಾತು ಪೂರ್ತಿ ಕೇಳಿದರು. “ಬೇರೆಯವರು ಕಲಿಸ್ತಾರೆ, ವಾಪಸ್ ಬನ್ನಿ. ನನ್ನ ಮೇಲಿನ ಸಿಟ್ಟಿಗೆ ಕಲಿಯೋದು ಬಿಡ್ಬೇಡಿ,” ಎಂದೆ.

“ಬಿಟ್ಟಿಲ್ಲ ಮೇಡಂ. ಹೋದ ವಾರದಿಂದ ನಿಮ್ಮ ತಮ್ಮನ ಹತ್ತಿರಾನೇ ಬರ್ತಿದೀನಿ. ನಿಮ್ಮ ಹಾಗೆ ಒಪ್ಪಿಸ್ತಾ ಓಡಿಸಿದ್ರೆ ಅವರಿಗೆ ತಲೆನೋವಂತೆ. ನಾನು ನಿಲ್ಲಿಸಿಲ್ಲ.”

ಜೂನ್ 24

ಹದಿನೇಳು. ಡಾಕ್ಟರ್ ಎರಡು ಸಲ ನೋಡಿದರು, ಆಮೇಲೆ ಯಂತ್ರ ಬದಲಿಸಿ ನೋಡಿದರು. ಹದಿನೇಳೇ. ರೆಪ್ಪೆ ಊದಿಸದ ಒಂದೇ ಒಂದು ಹನಿ ಸಾಕು.

ಖುಷಿಯಲ್ಲಿ ಅವರ ಕೈ ಹಿಡಿದು, “ನಿಮಗೆ ಕಾರು ಓಡಿಸೋಕೆ ಬರತ್ತಾ?” ಎಂದೆ. ಬರುವುದಿಲ್ಲವಂತೆ. ಹೆದರಿಕೆಯಂತೆ! ಕಣ್ಣಿಗೆ ಗುರಿಯಿಟ್ಟು ಹೊಡೆಯುವವರಿಗೆ ಗೇರು ಹಾಕಲು ಹೆದರಿಕೆ.

ಜುಲೈ 10

ಮತ್ತೆ ಅದೇ ಬೋಗುಣಿ, ಅದೇ ಗುಂಡಿ. ಕಂಡದ್ದಕ್ಕೆ ಮಾತ್ರ ಒತ್ತಿದೆ. ಕಾಣದ ಹೊತ್ತಿನಲ್ಲಿ ಸುಮ್ಮನೆ ಕೂತೆ. ಬಹಳ ಕಷ್ಟದ ಕೆಲಸ ಅದು.

ಹೊಸ ಹಾಳೆಯನ್ನು ಮಾರ್ಚಿನ ಹಾಳೆಯ ಪಕ್ಕ ಇಟ್ಟು ಡಾಕ್ಟರ್ ಮೂಲೆಯಿಂದ ಮೂಲೆಗೆ ನೋಡಿದರು. ಒಂದೇ ಒಂದು ಚುಕ್ಕೆ ಹೊಸದಾಗಿ ಕಪ್ಪಾಗಿಲ್ಲ. ಬಲಗಣ್ಣೂ ಹಾಗೇ ಇದೆ.

“ಅಂದ್ರೆ ಲಾಭ ಏನೂ ಆಗಿಲ್ವಾ?” ಎಂದು ನಾನು ಸ್ಕೂಲಿಗೆ ಬಂದಾಗ ಕೇಳಿದ ತಮ್ಮ.

“ಏನೂ ಆಗಿಲ್ಲ ಕಣೋ! ಒಂದು ಚೂರೂ ಏನೂ ಆಗಿಲ್ಲ!” ಎಂದು ಆಫೀಸಿನಲ್ಲೇ ಕೂಗಿದೆ. ಪರವಾನಗಿಗೆ ಫೋಟೋ ಅಂಟಿಸುತ್ತಿದ್ದವರೆಲ್ಲ ತಿರುಗಿ ನೋಡಿದರು.

ಆಮೇಲೆ ಅವನು ಬಾಗಿಲು ಹಾಕಿ ಸಣ್ಣ ದನಿಯಲ್ಲಿ ಹೇಳಿದ. “ಆ ಹಾಳೆ ಇಲಾಖೆಗೆ ಕೊಟ್ರೆ ನಿನ್ನ ಪರವಾನಗಿ ಹೋಗತ್ತೆ ಅಕ್ಕ. ಇನ್ನೊಬ್ಬ ಡಾಕ್ಟರ್ ಇದಾರೆ. ಬೋರ್ಡ್ ಮೇಲಿನ ಅಕ್ಷರ ಓದಿಸಿ ಸಹಿ ಹಾಕ್ತಾರೆ, ಇದೆಲ್ಲ ಕೇಳಲ್ಲ. ಜನ ನಿನ್ನ ಹೆಸರು ಹೇಳ್ಕೊಂಡು ಬರ್ತಾರೆ. ನೀನು ಬೇಕು ನನಗೆ.”

“ಬೇಕಾದ್ರೆ ಹಿಂದಿನ ಷೆಡ್ ಖಾಲಿ ಮಾಡಿಸ್ಕೊಡು.”

“ಯಾಕೆ?”

“ಸ್ಟೀರಿಂಗ್ ಮುಟ್ಟೋ ಮೊದಲು ಎಲ್ಲರೂ ಎರಡು ವಾರ ನನ್ನ ಹತ್ತಿರ ಕೂರ್ಬೇಕು. ರಸ್ತೆ ನೋಡೋದು ಹೇಗೆ ಅಂತ ಕಲಿಸ್ತೀನಿ.”

“ಯಾರು ಬರ್ತಾರೆ ಅಕ್ಕ ಅದಕ್ಕೆ?”

“ಬರದವರಿಗೆ ಕೀ ಕೊಡ್ಬೇಡ.”

ಜುಲೈ 14

ಎರಡೂ ಹಾಳೆ ಹಿಡಿದು ಸಾರಿಗೆ ಕಚೇರಿಗೆ ಒಬ್ಬಳೇ ಹೋದೆ. ಕಿಟಕಿಯಾಚೆಯ ಅಧಿಕಾರಿ ಹಾಳೆಗಳನ್ನು ತಿರುವಿ, “ಇದನ್ನ ನೀವೇ ಯಾಕೆ ತಂದ್ರಿ?” ಎಂದು ಕೇಳಿದ. ನನ್ನದಾದ್ದರಿಂದ, ಎಂದೆ. ಪರವಾನಗಿಯ ಕಾರ್ಡು ಒಳಗೆ ಸರಿಸಿದೆ. ಅದರ ಮೇಲಿನ ಫೋಟೋದಲ್ಲಿ ನನಗೆ ಇಪ್ಪತ್ತೆಂಟು ವರ್ಷ. ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು, ಅದನ್ನು ಬರೆಯದೆ ಇರಲಾರೆ.

“ಸಾಕು ಬಿಡಿ ಅಮ್ಮ, ಇಷ್ಟು ವರ್ಷ ದುಡಿದಿದೀರಿ. ಇನ್ನು ಮನೇಲಿ ಹಾಯಾಗಿ ಕೂತ್ಕೊಳ್ಳಿ,” ಎಂದ.

“ಕಾರ್ಡ್ ತಗೊಳ್ಳೋ ಅಧಿಕಾರ ನಿಮಗಿದೆ, ತಗೊಳ್ಳಿ. ಕೂತ್ಕೊಳ್ಳಿ ಅನ್ನೋ ಅಧಿಕಾರ ನಿಮ್ಮ ಯಾವ ಪುಸ್ತಕದಲ್ಲೂ ಇಲ್ಲ. ರಸೀದಿ ಕೊಡಿ.”

ಕೊಟ್ಟ.

ಹೊರಗೆ ಮಧ್ಯಾಹ್ನದ ಬಿಸಿಲು, ನಾಲ್ಕು ಸಾಲು ಗಾಡಿ. ತಮ್ಮ ಕರೆದುಕೊಂಡು ಹೋಗಲು ಬರುತ್ತೇನೆಂದಿದ್ದ, ಬೇಡ ಎಂದಿದ್ದೆ. ದಾಟುವ ಪಟ್ಟಿಯ ಅಂಚಿನಲ್ಲಿ ನಿಂತೆ. ಬಲಕ್ಕೆ ನೋಡಿದೆ. ಎಡಕ್ಕೆ ಕಣ್ಣು ಹೊರಳಿಸಿದರೆ ಸಾಲದು, ಕತ್ತು, ಭುಜ, ಇಡೀ ಮೈ ತಿರುಗಿಸಿ ನೋಡಿದೆ. ಒಂದು ಕೆಂಪು ಕಾರು ಬರುತ್ತಿತ್ತು. ಅದು ಹಾರ್ನ್ ಹೊಡೆಯಿತು. ನಾನು ಕೈಯೆತ್ತಿ ರಸ್ತೆಗಿಳಿದೆ.

ಗೆರೆಗಿಂತ ಒಂದು ಮಾರು ಹಿಂದೆ, ಕುಲುಕದೆ, ಗಾಲಿ ನೇರವಾಗಿಟ್ಟು ನಿಂತಿತು. ಒಳಗೆ ಯಾರೆಂದು ಗಾಜಿನ ಹೊಳಪಿಗೆ ಕಾಣಲಿಲ್ಲ. ಯಾರೇ ಆಗಲಿ, ಆ ನಿಲ್ಲಿಸುವಿಕೆ ನೋಡಿದರೆ ಗೊತ್ತಾಗುತ್ತದೆ, ಕಲಿಸಿದವಳು ನಾನೇ.